ಮಲೆನಾಡಿನ ಮಳೆಯೂ ಚರ್ಮಕಾರನ ಹತಾರಗಳೂ

ಅಡಕೆಯ ಕೊಯ್ಲು ಹತ್ತಿರ ಬಂದಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಮನೆಗಳಲ್ಲಿಯೂ ಮೊದಲು ಹೊರಕ್ಕೆ ಬರುವ ವಸ್ತುವು ಕತ್ತಿ. ಕೊನೆ ಕೊಯ್ಯುವವನು ತನ್ನ ಕತ್ತಿಯನ್ನು ಇನ್ನೊಬ್ಬನ ಕೈಗೆ ಕೊಡಲಾರನು. ಚಪ್ಪರದ ಕೆಳಗೆ ಕುಳಿತು ಅಡಕೆ ಸುಲಿಯುವ ಹೆಂಗಸು ತನ್ನ ಕೈಗೆ ಪಳಗಿದ ಮೆಟ್ಟುಗತ್ತಿಯನ್ನಲ್ಲದೆ ಬೇರೊಂದನ್ನು ಬಯಸಳು. ಸೊಂಟದ ಕೊಕ್ಕೆಗೆ ಸಿಕ್ಕಿಸತಕ್ಕ ಕತ್ತಿಯನ್ನು ಕೊಳ್ಳುವಾಗ ಮಲೆನಾಡಿಗನು ಅದನ್ನು ಬೆರಳಿನಿಂದ ಮಿಡಿದು ನಾದವನ್ನು ಕೇಳುವನು. ಬೆನ್ನನ್ನು ಕಣ್ಣಿನ ನೇರಕ್ಕೆ ಹಿಡಿದು ಸೊಟ್ಟವನ್ನು ನೋಡುವನು. ಹಿಡಿಯನ್ನು ಮುಷ್ಟಿಯಲ್ಲಿ ತಿರುಗಿಸಿ ತೂಕವನ್ನು ಅಳೆಯುವನು. ಹಣದ ಮಾತು ಅನಂತರದ್ದು. ಇಂತಹವನ ಕತ್ತಿಯನ್ನು ಮತ್ತೊಬ್ಬರು ದೂರದ ನಗರದಲ್ಲಿ ಕುಳಿತು ಆರಿಸಿ ಕಳುಹಿಸುವರೆಂದು ಹೇಳಿದರೆ ಇಲ್ಲಿಯ ಜನರು ನಗದೆ ಇರಲಾರರು. ಆದರೆ ಪೇಟೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕುಳಿತು ನಮ್ಮೆಲ್ಲರ ಪಾದರಕ್ಷೆಗಳನ್ನು ಹೊಲಿಯತಕ್ಕ ಚರ್ಮಕಾರನ ವಿಷಯದಲ್ಲಿ ಇದೇ ಏರ್ಪಾಡನ್ನು ನಾವು ಸಹಜವೆಂದು ಒಪ್ಪಿಕೊಂಡಿರುವೆವಲ್ಲ, ಇದೇಕೆ?

ಈ ಪ್ರಶ್ನೆಯು ಬರಿಯ ಮಾತಿಗಾಗಿ ಎತ್ತಿದುದಲ್ಲ. 2023ನೆಯ ಇಸವಿಯ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳು ಸೇರಿವೆ. ಚರ್ಮಕಾರರ ಮತ್ತು ಪಾದರಕ್ಷೆ ತಯಾರಕರ ಕಸುಬು ಅವುಗಳಲ್ಲೊಂದು. ಉಪಕರಣಗಳಿಗಾಗಿ ರೂ. 15,000ದ ವರೆಗೆ ವೋಚರಿನ ರೂಪದಲ್ಲಿ ಸಹಾಯ, ತರಬೇತಿಯ ಕಾಲದಲ್ಲಿ ದಿನಕ್ಕೆ ರೂ. 500 ಭತ್ಯ, ಅನಂತರ ಒತ್ತೆಯಿಲ್ಲದೆ ಮೊದಲನೆಯ ಕಂತಿನಲ್ಲಿ ರೂ. 1 ಲಕ್ಷ, ಎರಡನೆಯ ಕಂತಿನಲ್ಲಿ ರೂ. 2 ಲಕ್ಷ ಸಾಲ, ಇವು ಅದರ ಮುಖ್ಯಾಂಶಗಳು. ನಮ್ಮ ರಾಜ್ಯದಲ್ಲಿ ಲಿಡ್ಕರ್ ಎಂದು ಪ್ರಸಿದ್ಧವಾಗಿರುವ ಚರ್ಮ ಕೈಗಾರಿಕಾ ನಿಗಮವು ಬೇರೆ ಇದೆ. ಹಣವು ಅಲ್ಪವೆಂದು ನಾವು ಹೇಳೆವು. ಹದಿನೈದು ಸಾವಿರ ರೂಪಾಯಿಗಳಲ್ಲಿ ಒಬ್ಬ ಚರ್ಮಕಾರನು ತನ್ನ ಜೀವಮಾನವೆಲ್ಲ ಬಾಳತಕ್ಕ ಹತಾರಗಳನ್ನು ಮಾಡಿಸಿಕೊಳ್ಳಬಹುದು. ಅದೇ ಹಣದಲ್ಲಿ ಹೊಳೆಯುವ ಪೆಟ್ಟಿಗೆಯೊಂದನ್ನು ತುಂಬಿ, ಅದರಲ್ಲಿ ಕೊಯ್ಯದ ಕತ್ತಿಯನ್ನೂ ಚುಚ್ಚದ ಆರೆಯನ್ನೂ ಇಟ್ಟುಬಿಡಲೂಬಹುದು. ಎರಡರಲ್ಲಿ ಯಾವುದು ಆಗುವುದೆಂಬುದು ಆರಿಸುವ ಕೈ ಯಾರದೆಂಬುದನ್ನು ಅವಲಂಬಿಸಿದೆ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ದಿನ ಕೊಪ್ಪದ ಪೇಟೆಯಲ್ಲಿ ಕಿತ್ತುಹೋದ ಕೊಡೆಯನ್ನು ಹಿಡಿದುಕೊಂಡು ಈ ಲೇಖಕನು ಒಬ್ಬ ವೃದ್ಧ ಚರ್ಮಕಾರರ ಮುಂದೆ ನಿಂತಿದ್ದನು. ಮಳೆಗಾಲದಲ್ಲಿ ಅವರ ಕಸುಬಿನ ಅರ್ಧಪಾಲು ಕೊಡೆಗಳದ್ದೇ ಎಂಬುದನ್ನು ಆ ಕಡೆಯ ವಾಚಕರು ಬಲ್ಲರು. ಅವರ ಬಳಿ ಎರಡು ಕತ್ತಿಗಳಿದ್ದವು. ಒಂದು, ಮಸೆದು ಮಸೆದು ಅರ್ಧಕ್ಕೆ ಇಳಿದುಹೋದ ಹಳೆಯ ರಂಪಿಗೆ; ಇನ್ನೊಂದು, ಬಣ್ಣದ ಹಿಡಿಯ ಹೊಸ ಕತ್ತಿ, ಯಾವುದೋ ಸಮಾರಂಭದಲ್ಲಿ ಹಂಚಿದ್ದು. ಹಳೆಯದನ್ನೇ ಕೈಗೆತ್ತಿಕೊಂಡುದನ್ನು ನೋಡಿ, “ಯಜಮಾನರೇ, ಹೊಸದಿರುವಾಗ ಅದೇಕೆ?” ಎಂದು ಕೇಳಿದುದಕ್ಕೆ ಅವರು, “ಅದು ಕೊಯ್ಯೋಕಲ್ಲ ಸ್ವಾಮಿ, ಯಾರಾದ್ರೂ ಬಂದ್ರೆ ತೋರ್ಸೋಕೆ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೊಟ್ಟವರ ಮನಸ್ಸನ್ನು ನೋಯಿಸಬಾರದೆಂಬ ದಾಕ್ಷಿಣ್ಯವಿದ್ದಿತು. ಹೊಸ ಕತ್ತಿಯ ಅಲಗನ್ನು ಅವರು ನಮ್ಮ ಮುಂದೆಯೇ ಒಂದು ತುಂಡು ಅಟ್ಟೆಯ ಮೇಲೆ ಎಳೆದು ತೋರಿಸಿದರು. ಅದು ಚರ್ಮವನ್ನು ಕೊಯ್ಯಲಿಲ್ಲ, ಗೀಚಿತು.

ಉಪಕರಣಕ್ಕೂ ಕನ್ನಡದ ಆತ್ಮಗೌರವಕ್ಕೂ ಇರುವ ನಂಟು ಇಂದಿನದಲ್ಲ. ಆದ್ಯ ವಚನಕಾರರಲ್ಲಿ ಒಬ್ಬನೆಂದು ಎಣಿಸಲ್ಪಡುವ ಮಾದಾರ ಚೆನ್ನಯ್ಯನು ತನ್ನ ಅಂಕಿತದೊಳಗೆ ಕೈಯುಳಿ, ಕತ್ತಿ, ಅಡಿಗುಂಟ ಈ ಮೂರು ಹತಾರಗಳ ಹೆಸರನ್ನೇ ಸೇರಿಸಿಕೊಂಡನು. ಅರಸರು ಬಿರುದುಗಳನ್ನು ಧರಿಸುವಂತೆ ಈತನು ತನ್ನ ಕಸುಬಿನ ಸಲಕರಣೆಗಳನ್ನು ಧರಿಸಿದನೆಂದರೆ ತಪ್ಪಾಗಲಾರದು. ಹರಳಯ್ಯನ ಕಥೆಯು ಎಲ್ಲರಿಗೂ ತಿಳಿದದ್ದೇ. ನಮ್ಮ ಕಾಲಕ್ಕೆ ಹತ್ತಿರವಾಗಿ ನೋಡಿದರೆ ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತರು. ಅವರ ಮಿತ್ರರಾದ ಕ್ಯಾಲನ್‌ಬಾಕರು ಟ್ರಾಪಿಸ್ಟ್ ಸನ್ಯಾಸಿಗಳ ಮಠಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದು ಅವರಿಗೆ ಹೇಳಿಕೊಟ್ಟಿದ್ದರು. 1914ರಲ್ಲಿ ಆ ದೇಶವನ್ನು ಬಿಟ್ಟು ಹೊರಡುವಾಗ, ತಮ್ಮನ್ನು ಸೆರೆಗೆ ಹಾಕಿಸಿದ್ದ ಜನರಲ್ ಸ್ಮಟ್ಸರಿಗೆ ಗಾಂಧಿಯವರು ಕೊಟ್ಟ ಕಾಣಿಕೆಯು ಕೈಯಿಂದ ಮಾಡಿದ ಒಂದು ಜೊತೆ ಚಪ್ಪಲಿ. ಸ್ಮಟ್ಸರು ಅದನ್ನು ಅನೇಕ ಬೇಸಗೆಗಳಲ್ಲಿ ಮೆಟ್ಟಿದರು. 1939ರಲ್ಲಿ ಗಾಂಧಿಯವರ ಎಪ್ಪತ್ತನೆಯ ವರ್ಷದ ಸಂದರ್ಭದಲ್ಲಿ ಅದನ್ನು ಹಿಂದಕ್ಕೆ ಕಳುಹಿಸಿದರು. ಇಪ್ಪತ್ತೈದು ವರ್ಷ ಉಳಿದ ಹೊಲಿಗೆಯದು! ಬ್ಯಾರಿಸ್ಟರೊಬ್ಬರು ಕಲಿಯಲು ಯೋಗ್ಯವಾದ ವಿದ್ಯೆಯನ್ನು, ಹುಟ್ಟಿನಿಂದಲೇ ಅದನ್ನು ಬಲ್ಲವರ ಕೈಯಲ್ಲಿ ಮಾತ್ರ ನಾವು ಹೀನವೆಂದು ಎಣಿಸುತ್ತ ಬಂದಿರುವುದು ವಿಚಿತ್ರವಲ್ಲವೆ? ಪಾದುಕೆಗೆ ಹೂವೇರಿಸಿ ಕೈಮುಗಿಯುವ ನಾಡಿನಲ್ಲಿ ಪಾದರಕ್ಷೆಯನ್ನು ಮಾಡಿದವನು ಅಂಗಳದ ಹೊರಗೆ ನಿಲ್ಲಬೇಕಾಗಿದ್ದಿತು. ಈ ಹಳೆಯ ಪಾಪವನ್ನು ಪೆಟ್ಟಿಗೆ ಹಂಚಿ ತೊಳೆದುಕೊಳ್ಳಲಾಗದು.

ಇನ್ನು ವಿಷಯಕ್ಕೆ ಬರೋಣ. ಈ ಮೂರು ತಾಲ್ಲೂಕುಗಳಲ್ಲಿ ಚರ್ಮದ ಕೆಲಸಕ್ಕೆ ಮೊದಲನೆಯ ಶತ್ರುವು ಮಳೆ. ಆಗುಂಬೆಯ ನೆರೆಯಲ್ಲಿರುವ ಶೃಂಗೇರಿಯಲ್ಲಿಯೂ, ಕೊಪ್ಪದಲ್ಲಿಯೂ ವರ್ಷಕ್ಕೆ 100 ಅಂಗುಲಕ್ಕೆ ಮೀರಿ ಮಳೆಯಾಗುವುದುಂಟು; ಪೂರ್ವಕ್ಕೆ ಸರಿದು ನರಸಿಂಹರಾಜಪುರಕ್ಕೆ ಬಂದರೆ ಅದು ಎಷ್ಟೋ ತಗ್ಗುವುದು. ಆದುದರಿಂದ ಬಯಲುಸೀಮೆಯ ಅಥಣಿಯಲ್ಲಿ ಮೆಚ್ಚತಕ್ಕ ಹತಾರವು ಇಲ್ಲಿ ಹಾಗೆಯೇ ಮೆಚ್ಚಿಕೆಯಾಗಬೇಕೆಂದೇನೂ ಇಲ್ಲ. ಅಥಣಿ ಮೊದಲಾದ ಉತ್ತರದ ಊರುಗಳ ಕೊಲ್ಹಾಪುರಿ ಮಾದರಿಯ ಚಪ್ಪಲಿಯನ್ನು ಜಗತ್ತೇ ಬಲ್ಲದು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಅದರ ಭೌಗೋಳಿಕ ಗುರುತಿನ ಹಕ್ಕನ್ನು ಪಡೆದಿವೆ; 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪೆನಿಯು ಮಿಲಾನಿನ ಪ್ರದರ್ಶನದಲ್ಲಿ ಅದನ್ನೇ ಹೋಲುವ ಚಪ್ಪಲಿಯನ್ನು ಹೆಸರು ಹೇಳದೆ ತೋರಿಸಿ ಟೀಕೆಗೆ ಗುರಿಯಾಯಿತು. ಮಲೆನಾಡಿನ ಚರ್ಮಕಾರನಿಗೆ ಅಂತಹ ಕೀರ್ತಿಯಿಲ್ಲ. ರಬ್ಬರು ಮತ್ತು ಪ್ಲಾಸ್ಟಿಕ್ಕು ಆತನ ಚಪ್ಪಲಿಯನ್ನು ನುಂಗಿದವು. ನೈಲಾನ್ ಹಗ್ಗವು ನೇಗಿಲ ಮಿಣಿಯನ್ನು ನುಂಗಿತು. ಉಳಿದಿರುವುದು ದುರಸ್ತಿಯ ಕೆಲಸ, ಪಟ್ಟಿ ಚೀಲಗಳ ಕೆಲಸ, ದನದ ಕೊರಳಿನ ಗಂಟೆಪಟ್ಟಿ, ಯಕ್ಷಗಾನದ ಚಂಡೆ ಮದ್ದಳೆಗಳ ಬಾರು. ಇಷ್ಟನ್ನು ಚೆನ್ನಾಗಿ ಮಾಡಿದರೂ ಒಂದು ಸಂಸಾರವು ಮರ್ಯಾದೆಯಿಂದ ಬದುಕಬಹುದು; ಚೆನ್ನಾಗಿ ಮಾಡುವುದಕ್ಕೆ ಹತಾರವು ಸರಿಯಾಗಿರಬೇಕು.

ಎಲ್ಲಕ್ಕೂ ಮೊದಲು ರಂಪಿಗೆ. ಅಗಲವಾದ ತೆಳು ಅಲಗು, ತುದಿಯಲ್ಲಿ ತುಸು ಬಾಗಿದ ಬಾಯಿ. ಚರ್ಮವನ್ನು ಕೊಯ್ಯುವುದೂ ಅದೇ, ಅಂಚನ್ನು ಹೆರೆದು ತೆಳುಮಾಡುವುದೂ ಅದೇ. ಹೊಳಪನ್ನು ನೋಡಿ ಇದನ್ನು ಕೊಳ್ಳತಕ್ಕದ್ದಲ್ಲ. ಲಾರಿಯ ಹಳೆಯ ಕಮಾನುಪಟ್ಟಿಯ ಉಕ್ಕನ್ನು ಕುಲುಮೆಯಲ್ಲಿ ಬಡಿದು ಹದಹಾಕಿದ ಕರಿಯ ರಂಪಿಗೆಯು ಎಷ್ಟೋ ವೇಳೆ ಪೆಟ್ಟಿಗೆಯ ಬೆಳ್ಳಿಬಣ್ಣದ ಕತ್ತಿಗಿಂತ ಮೇಲು. ಮುರಿದ ಕಬ್ಬಿಣಗರಗಸದ ತುಂಡನ್ನೇ ಮಸೆದು ಹೆರೆಯುವ ಕತ್ತಿಯನ್ನು ಮಾಡಿಕೊಳ್ಳುವ ಚರ್ಮಕಾರರು ದೇಶದಲ್ಲೆಲ್ಲ ಇದ್ದಾರೆ. ಹದವನ್ನು ಪರೀಕ್ಷಿಸುವ ಉಪಾಯವು ಸುಲಭ. ಅಲಗಿನ ಅಂಚಿನ ಮೇಲೆ ಒಳ್ಳೆಯ ಅರವನ್ನು ಮೆಲ್ಲನೆ ಎಳೆಯಬೇಕು. ಅರವು ಸುಲಭವಾಗಿ ಕಚ್ಚಿ ಪುಡಿ ಉದುರಿಸಿದರೆ ಉಕ್ಕು ಮೆತ್ತಗೆ, ಅಂತಹ ಬಾಯಿಯು ಒಂದು ಅಟ್ಟೆ ಕೊಯ್ಯುವುದರೊಳಗೆ ಮಡಿಸಿಕೊಳ್ಳುವುದು. ಅರವು ಗಾಜಿನ ಮೇಲೆ ಜಾರುವಂತೆ ಜಾರಿದರೆ ಉಕ್ಕು ಅತಿ ಗಡುಸು, ಬಾಯಿಯು ಚಕ್ಕೆಯೇಳುವುದು. ಇವೆರಡರ ನಡುವೆ, ಸ್ವಲ್ಪವೇ ಕಚ್ಚಿ ತಡೆಯತಕ್ಕದ್ದು ಬೇಕಾದುದು. ಹಿಡಿಯು ಹಸ್ತದ ಅಗಲಕ್ಕೆ ಸರಿಯಾಗಿರಬೇಕು. ಬೆವರು ಮಳೆಗಳಿಗೆ ಉಬ್ಬದ ಬೀಟೆಯಂತಹ ಗಟ್ಟಿ ಮರವು ಮಲೆನಾಡಿನವರಿಗೆ ಹೊಸದೇನಲ್ಲ.

ಕೊಂಡುದಾದ ಮೇಲೆ ಮಸೆಯುವುದರಲ್ಲಿ ಅರ್ಧ ವಿದ್ಯೆಯಿದೆ. ಒರಟು ಕಲ್ಲಿನಲ್ಲಿ ಆಕಾರ, ನುಣುಪು ಕಲ್ಲಿನಲ್ಲಿ ಬಾಯಿ, ಕೊನೆಗೆ ಚರ್ಮದ ತುಂಡಿನ ಒಳಮೈಯ ಮೇಲೆ ಹಿಮ್ಮುಖವಾಗಿ ನಾಲ್ಕೈದು ಸಲ ಒರೆಸಿದರೆ ಅಲಗು ಸಿದ್ಧ. ಮೊಂಡು ಕತ್ತಿಯೇ ಕೈಯನ್ನು ಕೊಯ್ಯುವುದು, ಚೂಪಾದುದಲ್ಲ. ಮೊಂಡಾದುದನ್ನು ಬಲದಿಂದ ನೂಕಬೇಕಾಗುವುದು, ಬಲದಿಂದ ನೂಕಿದುದು ಜಾರುವುದು. ಚರ್ಮದ ಅಂಚನ್ನು ಹೆರೆಯುವಾಗ ಅಲಗನ್ನು ಮಲಗಿಸಿ ಮೈಯಿಂದ ಹೊರಕ್ಕೆ ತಳ್ಳಬೇಕು. ಎರಡು ಪದರಗಳು ಕೂಡುವೆಡೆಯಲ್ಲಿ ಹೀಗೆ ತೆಳುಮಾಡದಿದ್ದರೆ ಅಲ್ಲಿ ಒಂದು ಮೆಟ್ಟಿಲು ಉಳಿಯುವುದು. ಮಲೆನಾಡಿನಲ್ಲಿ ಆ ಮೆಟ್ಟಿಲಿನಲ್ಲಿ ನೀರು ನಿಲ್ಲುವುದು, ನೀರು ನಿಂತಲ್ಲಿ ಹೊಲಿಗೆ ಕೊಳೆಯುವುದು. ಮದ್ದಳೆಯ ಬಾರನ್ನು ಕೊಯ್ಯುವವರ ಕೈಚಳಕವನ್ನು ನೋಡದವರು ಒಮ್ಮೆ ನೋಡಬೇಕು. ಒಂದೇ ತುಂಡು ತೊಗಲನ್ನು ಸುತ್ತುಸುತ್ತಾಗಿ ಕೊಯ್ಯುತ್ತ ಮಾರುಗಟ್ಟಲೆ ಉದ್ದದ ಬಾರನ್ನು ಕೂದಲೆಳೆಯಷ್ಟೂ ಅಗಲ ತಪ್ಪದಂತೆ ತೆಗೆಯುವರು. ಅಗಲ ತಪ್ಪಿದೆಡೆಯಲ್ಲಿ ಬಾರು ಹರಿಯುವುದು, ಅದೂ ಆಟದ ನಡುರಾತ್ರಿಯಲ್ಲಿ.

ಕೊಯ್ಯುವುದು ಮರದ ಮೇಲೆ, ಬಡಿಯುವುದು ಕಲ್ಲಿನ ಮೇಲೆ. ಇದನ್ನು ಅದಲುಬದಲು ಮಾಡತಕ್ಕದ್ದಲ್ಲ. ಅಡಿಗುಂಟಕ್ಕೆ ಹುಣಸೆಯಂತಹ ಗಟ್ಟಿ ಮರದ ದಿಮ್ಮಿಯನ್ನು ಅಡ್ಡ ಕೊಯ್ದ ಮುಖವನ್ನು ಮೇಲೆ ಮಾಡಿ ಇಡಬೇಕು. ಆಗ ಅಲಗು ಮರದ ಎಳೆಗಳ ನಡುವೆ ಇಳಿಯುವುದೇ ಹೊರತು ಎಳೆಗಳನ್ನು ಕಡಿಯುವುದಿಲ್ಲ, ಬಾಯಿಯೂ ಉಳಿಯುವುದು. ನುಣುಪಾದ ಕಲ್ಲಿನ ಉಪಯೋಗವೇ ಬೇರೆ. ಅಟ್ಟೆಯ ಚರ್ಮವನ್ನು ನೀರಿನಲ್ಲಿ ನೆನೆಯಿಸಿ, ಅರೆ ಒಣಗಿದಾಗ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದರೆ ಅದರ ಎಳೆಗಳು ಒತ್ತೊತ್ತಾಗಿ ಕೂಡಿ ನೀರನ್ನು ಹೀರುವ ಗುಣವು ಕಡಮೆಯಾಗುವುದು. ಸುತ್ತಿಗೆಯ ಮುಖವು ತುಸು ಉಬ್ಬಿ, ಕನ್ನಡಿಯಂತೆ ನಯವಾಗಿರಬೇಕು. ಬಡಗಿಯ ಚೌಕಮುಖದ ಸುತ್ತಿಗೆಯಿಂದ ಬಡಿದರೆ ಅದರ ಅಂಚು ಪ್ರತಿ ಪೆಟ್ಟಿಗೂ ಒಂದು ಗಾಯವನ್ನು ಬಿಡುವುದು, ಪ್ರತಿ ಗಾಯವೂ ಮಳೆನೀರಿಗೆ ಒಂದು ಬಾಗಿಲು. ಹಂಚುವ ಪೆಟ್ಟಿಗೆಗಳಲ್ಲಿ ಇಂತಹ ಸುತ್ತಿಗೆಗಳೇ ಹೆಚ್ಚಾಗಿ ಸೇರುವುವೆಂದು ನಮ್ಮ ಗುಮಾನಿ, ಏಕೆಂದರೆ ಅಂಗಡಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಅವೇ.

ಚುಚ್ಚುವ ಆರೆಯು ನೋಟಕ್ಕೆ ಅತ್ಯಲ್ಪವಾದುದು. ಆದರೆ ಜೋಡಿನ ಆಯುಷ್ಯವು ಇದರ ತುದಿಯಲ್ಲಿದೆ. ಸೈಕಲ್ಲಿನ ಚಕ್ರದ ಕಡ್ಡಿಯನ್ನು ಮಸೆದು ಮಾಡಿಕೊಂಡ ಆರೆಗಳು ಬಹಳ. ಅವು ಅವಸರಕ್ಕೆ ಆಗುವುವು. ಆದರೆ ಗುಂಡಾದ ತುದಿಯು ಗುಂಡಾದ ತೂತನ್ನು ಮಾಡುವುದು, ಆ ತೂತು ದಾರದ ಸುತ್ತ ಪೂರ್ಣವಾಗಿ ಮುಚ್ಚಿಕೊಳ್ಳದು. ವಜ್ರಾಕಾರದ ಸಪ್ಪಟೆ ತುದಿಯ ಆರೆಯು ಚರ್ಮದಲ್ಲಿ ಓರೆಯಾದ ಸೀಳನ್ನು ಮಾಡುವುದು. ದಾರವನ್ನೆಳೆದು ಮೇಲೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಸೀಳು ದಾರವನ್ನು ಅಪ್ಪಿಕೊಂಡು ಮುಚ್ಚುವುದು. ಬಯಲುಸೀಮೆಯಲ್ಲಿ ಈ ಭೇದವು ಅಂದಚೆಂದದ ಮಾತಾಗಿರಬಹುದು. ಶೃಂಗೇರಿಯಲ್ಲಿ ಒಳಗೆ ನೀರು ಹೋಗುವುದೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ. ಕೊಕ್ಕೆಯುಳ್ಳ ಆರೆಯಲ್ಲಿ, ಎಂದರೆ ಕೆಳಗಿನಿಂದ ದಾರವನ್ನು ಹಿಡಿದು ಮೇಲಕ್ಕೆಳೆಯಲು ತುದಿಯಲ್ಲಿ ಕಚ್ಚು ಮಾಡಿರುವ ಆರೆಯಲ್ಲಿ, ಆ ಕಚ್ಚಿನ ಒಳಮೈಯನ್ನು ಉಗುರಿನಿಂದ ತಡವಿ ನೋಡಬೇಕು. ಉಗುರಿಗೆ ಹತ್ತಿದುದು ದಾರಕ್ಕೂ ಹತ್ತುವುದು. ಪ್ರತಿ ಎಳೆತಕ್ಕೂ ದಾರದ ಒಂದೆರಡು ಎಳೆಗಳು ತುಂಡಾಗುತ್ತ ಹೋಗಿ, ಹೊಲಿಗೆಯು ಮುಗಿಯುವಾಗಲೇ ಅದರ ಮುಪ್ಪು ಆರಂಭವಾಗಿರುವುದು. ಎರಡು ಸೂಜಿಗಳಿಂದ ಎರಡು ಕಡೆಗಳಿಂದಲೂ ಹೊಲಿಯುವ ಕೈಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೂ ಉಳಿದುದು ಬಿಚ್ಚಿಕೊಳ್ಳದೆ ನಿಲ್ಲುವುದು. ಯಂತ್ರದ ಹೊಲಿಗೆಗೆ ಈ ಗುಣವಿಲ್ಲ. ಹತ್ತಿಯ ದಾರವು ಒದ್ದೆಯಲ್ಲಿ ಕೊಳೆಯುವುದರಿಂದ ಅದಕ್ಕೆ ಜೇನುಮೇಣವನ್ನೂ ರಾಳವನ್ನೂ ಕೂಡಿಸಿ ಕಾಸಿದ ಮೇಣವನ್ನು ತಿಕ್ಕುವುದು ಹಳೆಯ ಪದ್ಧತಿ. ಜೇನಿಗೆ ಹೆಸರಾದ ಕಾಡುಗಳ ನಡುವೆ ಇದ್ದುಕೊಂಡು ಮೇಣದ ಬಿಲ್ಲೆಯನ್ನು ಹೊರಗಿನಿಂದ ತರಿಸಿಕೊಳ್ಳುವುದು ನಮಗೆ ಸೊಗಸಾಗಿ ಕಾಣದು.

ಕಬ್ಬಿಣದ ಮೊಳೆಯ ವಿಷಯವಾಗಿ ಒಂದು ಮಾತನ್ನು ವಿಸ್ತರಿಸಿ ಹೇಳಬೇಕಾಗಿದೆ. ಹಿಂದಿನ ಕೂಲಿಮಠಗಳಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಮಸಿಯನ್ನು ಮಾಡುತ್ತಿದ್ದುದನ್ನು ಹಿರಿಯರಿಂದ ಕೇಳಿದವರು ಇನ್ನೂ ಇದ್ದಾರೆ. ಅಳಲೆಯ ಒಗರು ಕಬ್ಬಿಣದ ಲವಣದೊಡನೆ ಸೇರಿದರೆ ಕಪ್ಪಾಗುವುದು. ಆ ಒಗರೇ ತಂಗಡಿಯ ತೊಗಟೆಯಲ್ಲಿಯೂ ಇದೆ. ತೊಗಲನ್ನು ಹದಮಾಡುವುದೂ ಅದರಿಂದಲೇ. ಆದುದರಿಂದ ತೊಗಟೆಯ ಹದದ ಒದ್ದೆ ಚರ್ಮಕ್ಕೆ ಕಬ್ಬಿಣವು ತಗಲಿದಲ್ಲೆಲ್ಲ ಮಸಿಯೇ ಹುಟ್ಟುವುದು. ತುಕ್ಕು ಹಿಡಿದ ಕತ್ತಿಯು ಬಿಟ್ಟ ಕಪ್ಪು ಗೆರೆಯನ್ನು ಯಾವ ಬಣ್ಣವೂ ಮುಚ್ಚದು. ಕಲೆ ಮಾತ್ರವೇ ಅಲ್ಲ, ಮೊಳೆಯ ಸುತ್ತಲಿನ ಚರ್ಮವು ಕಾಲಕ್ರಮದಲ್ಲಿ ಸುಟ್ಟಂತೆ ಪುಡಿಪುಡಿಯಾಗುವುದು. ಮಲೆನಾಡಿನಲ್ಲಿ ಮೊಳೆ ಹೊಡೆದ ಅಟ್ಟೆಯು ಎರಡನೆಯ ಮಳೆಗಾಲವನ್ನು ಕಾಣದಿರುವುದಕ್ಕೆ ಮೆಟ್ಟಿದವನ ಕಾಲನ್ನು ದೂರಿ ಫಲವಿಲ್ಲ. ಹಿತ್ತಾಳೆಯ ಇಲ್ಲವೆ ತಾಮ್ರದ ಮೊಳೆ, ಅದಿಲ್ಲವಾದರೆ ಕೊಲ್ಹಾಪುರಿಯ ಕಸುಬುದಾರರಂತೆ ಚರ್ಮದ ಎಳೆಯಿಂದಲೇ ಹೊಲಿಗೆ, ಇವೇ ಇಲ್ಲಿಗೆ ತಕ್ಕವು.

ಚರ್ಮವನ್ನು ಆರಿಸುವುದೂ ಕಣ್ಣಿನ ಕೆಲಸವೇ. ಕೊಯ್ದ ಅಂಚು ಕಂದಾಗಿದ್ದರೆ ತೊಗಟೆಯ ಹದ, ನೀಲಿ ಬೂದಿಯಾಗಿದ್ದರೆ ಸಾಮಾನ್ಯವಾಗಿ ಕ್ರೋಮಿನ ಹದ. ಸಣ್ಣ ಚೂರೊಂದನ್ನು ಕುದಿಯುವ ನೀರಿಗೆ ಹಾಕಿದರೆ ಮೊದಲನೆಯದು ಮುದುಡುವುದು, ಎರಡನೆಯದು ತಡೆದುಕೊಳ್ಳುವುದು. ಕಳೆದ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ನರು, ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರು, ಕ್ರೋಮ್ ಹದವನ್ನು ಪ್ರಯೋಗಿಸಿದಾಗ ಅವರ ಕಣ್ಣಿದ್ದುದು ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಮೇಲೆ. ಸದಾ ಒದ್ದೆಯಲ್ಲಿರುವ ಚರ್ಮಕ್ಕೆ ಆ ಹದವು ಹಿತವೆಂಬುದು ಇದರಿಂದ ತಿಳಿಯುವುದು. ಪಟ್ಟಿಗೆ ಬೆನ್ನೆಲುಬಿನ ಉದ್ದಕ್ಕೆ ಕೊಯ್ದುದು ಬೇಕು, ಹೊಟ್ಟೆಯ ಭಾಗವು ಜಗ್ಗುವುದು.

ಹತಾರಗಳನ್ನು ಮಳೆಗಾಲದಲ್ಲಿ ಕಾಪಾಡುವುದಕ್ಕೆ ಮಲೆನಾಡಿನ ಮನೆಗಳೇ ಉಪಾಯವನ್ನು ಕಲಿಸಿವೆ. ಒಲೆಯ ಮೇಲಣ ಅಟ್ಟದಲ್ಲಿ ಹೊಗೆಯ ಬಿಸಿಯಿರುವೆಡೆಯಲ್ಲಿ ಇಟ್ಟ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯದು. ಸಂಜೆ ಅಲಗನ್ನು ಒಣಬಟ್ಟೆಯಿಂದ ಒರೆಸಿ, ಹರಳೆಣ್ಣೆಯನ್ನೋ ಹೊಂಗೆಯೆಣ್ಣೆಯನ್ನೋ ತೆಳುವಾಗಿ ಸವರಿ ಇಡಬೇಕು; ಬೆಳಗ್ಗೆ ಅದನ್ನು ಪೂರ್ಣವಾಗಿ ಒರೆಸಿಯೇ ಚರ್ಮಕ್ಕೆ ಮುಟ್ಟಿಸಬೇಕು. ಚರ್ಮದ ಒರೆಯಲ್ಲಿ ಕತ್ತಿಯನ್ನು ಬಿಟ್ಟಿಡುವುದು ಮಾತ್ರ ಇಲ್ಲಿ ತಪ್ಪು. ಒರೆಯು ತೇವವನ್ನು ಹೀರಿಕೊಂಡು ಅಲಗಿಗೆ ಒಪ್ಪಿಸುವುದು.

ಇಷ್ಟನ್ನೆಲ್ಲ ನಾವು ಚರ್ಮಕಾರನಿಗೆ ಪಾಠವಾಗಿ ಬರೆದುದಲ್ಲ. ಆತನು ಇದನ್ನು ನಮಗಿಂತ ಚೆನ್ನಾಗಿ ಬಲ್ಲನು. ಪಟ್ಟಿಗೆ ಸಹಿ ಹಾಕತಕ್ಕ ಅಧಿಕಾರಿಗಳವರೂ, ಪಂಚಾಯಿತಿಯ ಸದಸ್ಯರೂ, ತಮ್ಮ ಬೂಟನ್ನು ಕೊಟ್ಟು ತೆಗೆದುಕೊಂಡು ಹೋಗುವ ಪಟ್ಟಣಿಗರೂ ಅರಿತಿರಲೆಂದು ಬರೆದುದು. ಸಹಾಯಧನದ ಯಾವ ಏರ್ಪಾಡಾದರೂ ಇರಲಿ, ಹತಾರವು ಹಸ್ತಾಂತರವಾಗುವುದಕ್ಕೆ ಮುಂಚೆ ಅದನ್ನು ಹಿಡಿದು, ಮಿಡಿದು, ಒಂದು ತುಂಡು ಅಟ್ಟೆಯನ್ನು ಕೊಯ್ದು ನೋಡಿ, ಬೇಡವಾದರೆ ಬೇಡವೆನ್ನುವ ಹಕ್ಕು ಕಸುಬುದಾರನಿಗೆ ಇರಬೇಕು. ಆತನ ಊರಿನ ಕಮ್ಮಾರನಿಂದ ಮಾಡಿಸಿದ ರಂಪಿಗೆಗೂ ಹಣ ಸಲ್ಲುವಂತಾಗಬೇಕು. ಅದಕ್ಕೆ ಅಚ್ಚಾದ ಬಿಲ್ಲು ಇಲ್ಲವೆಂಬುದ�ನ್ನು ದೊಡ್ಡ ಅಡ್ಡಿಯಾಗಿ ಮಾಡಬಾರದು. ಕಮ್ಮಾರರೂ ಅದೇ ಹದಿನೆಂಟು ಕಸುಬುಗಳ ಪಟ್ಟಿಯಲ್ಲಿ ಸೇರಿದವರೇ ಆದುದರಿಂದ ಒಂದೇ ಹಣದಿಂದ ಎರಡು ಕುಲುಮೆಗಳು ಬೆಚ್ಚಗಾಗುವುವು. ತನಿಖೆಗೆ ಹೋಗುವ ಅಧಿಕಾರಿಗಳು ರಸೀದಿಯನ್ನು ನೋಡುವುದರ ಜೊತೆಗೆ ಅಲಗನ್ನೂ ನೋಡಲಿ. ವರ್ಷ ಕಳೆದರೂ ಸವೆಯದೆ ಹೊಳೆಯುತ್ತಿರುವ ಕತ್ತಿಯು ಚೆನ್ನಾಗಿ ಇಟ್ಟುಕೊಂಡುದಲ್ಲ, ಉಪಯೋಗಕ್ಕೆ ಬಾರದೆ ಹೋದುದು.

ಕಾಲವನ್ನೂ ನೋಡಬೇಕು. ಆಷಾಢದಲ್ಲಿ ಪೆಟ್ಟಿಗೆ ಹಂಚಿದರೆ ಶ್ರಾವಣದೊಳಗೆ ತುಕ್ಕು. ದಸರೆ ಕಳೆದು ಮಳೆ ಹಿಂದೆಗೆದ ಮೇಲೆ, ಅಡಕೆ ಕೊಯ್ಲಿನ ಕತ್ತಿಗಳಿಗಾಗಿ ಕಮ್ಮಾರನ ಬಾಗಿಲಲ್ಲಿ ಜನ ಸೇರುವುದಕ್ಕೆ ಮುಂಚೆ, ನಡುವೆ ಕೆಲವು ವಾರಗಳು ಸಿಕ್ಕುವುವು. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುವ ಮೊದಲು ಚಂಡೆ ಮದ್ದಳೆಗಳ ಬಾರು ಬಿಗಿಯುವ ಕೆಲಸವೂ ಆಗಲೇ ಬರುವುದು. ಹೊಸ ರಂಪಿಗೆಯನ್ನು ಮಾಡಿಸುವುದಕ್ಕೂ, ಹಳೆಯದರ ಹಿಡಿಯನ್ನು ಬದಲಿಸುವುದಕ್ಕೂ ಅದೇ ತಕ್ಕ ಸಮಯ.